ಹೆಸರು ಕಳೆದುಕೊಂಡ ಪುಸ್ತಕಕ್ಕೆ ವಿಳಾಸ ಕೊಟ್ಟ ಲೈಬ್ರರಿ

‘ಪ್ರಿನ್ಸಿಪಲ್ಸ್ ಆಫ್ ಮ್ಯಾನೇಜ್‌ಮೆಂಟ್’ ಎಂಬ ಪಠ್ಯಪುಸ್ತಕವೊಂದಿದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಲೈಬ್ರರಿ 2015ರಲ್ಲಿ ಹೊರತಂದದ್ದು. ಯಾರು ಬೇಕಾದರೂ ಕಾಸು ಕೊಡದೆ ಓದಬಹುದು, ಇಳಿಸಿಕೊಳ್ಳಬಹುದು. ಆದರೆ ಲೇಖಕರ ಹೆಸರಿರಬೇಕಾದ ಜಾಗದಲ್ಲಿ ಹೆಸರಿಲ್ಲ. ಚೌಕ ಕಂಸದೊಳಗೆ ಒಂದು ಸಾಲಿದೆ: ಮೂಲ ಪ್ರಕಾಶಕರ ಕೋರಿಕೆಯಂತೆ ಲೇಖಕರ ಹೆಸರನ್ನು ತೆಗೆಯಲಾಗಿದೆ.

ಮೊದಲ ಸಲ ಇದನ್ನು ನೋಡಿದಾಗ ಯಾರೋ ಕದ್ದು ಹಾಕಿದ ಪಿಡಿಎಫ್ ಇರಬೇಕು ಅಂದುಕೊಂಡೆ. ಪರೀಕ್ಷೆ ಹತ್ತಿರ ಬಂದಾಗ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತವಲ್ಲ, ಮುಖಪುಟ ಕಿತ್ತುಹೋದ ಫೈಲುಗಳು, ಆ ಜಾತಿಯದು. ಆದರೆ ಇದಕ್ಕೆ ಪುಸ್ತಕದ ಗುರುತು ಸಂಖ್ಯೆಯಾದ ಐಎಸ್‌ಬಿಎನ್ ಇದೆ, ವಿಶ್ವವಿದ್ಯಾಲಯದ ಹೆಸರಿದೆ, ಯಾವ ಪರವಾನಗಿಯಡಿ ಕೊಡುತ್ತಿದ್ದೇವೆ ಎಂದು ಬಿಡಿಸಿ ಬರೆದಿದೆ. ಎಲ್ಲವೂ ಕಾನೂನುಬದ್ಧ. ಹಾಗಾದರೆ ಹೆಸರು ಎಲ್ಲಿ ಹೋಯಿತು? ಇದನ್ನು ಬೆನ್ನಟ್ಟಿ ಹೋದರೆ, ಮುಕ್ತ ಪಠ್ಯಪುಸ್ತಕದ ವಿಷಯದಲ್ಲಿ ಲೈಬ್ರರಿ ನಿಜಕ್ಕೂ ಮಾಡುವ ಕೆಲಸ ಏನು ಎನ್ನುವುದು ಅರ್ಥವಾಗುತ್ತದೆ. ಪ್ರಚಾರದ ಕರಪತ್ರಗಳಲ್ಲಿ ಬರೆಯುವ ಕೆಲಸಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಪುಕ್ಕಟೆ ಕೊಟ್ಟವರು

ಅಮೆರಿಕದ ಕಾಲೇಜುಗಳಲ್ಲಿ ಪಠ್ಯಪುಸ್ತಕದ ಬೆಲೆ ಎಷ್ಟು ಏರಿತ್ತು ಅನ್ನುವುದಕ್ಕೆ ಒಂದು ಅಂಕಿ ಸಾಕು. 2002ರಿಂದ 2012ರ ನಡುವೆ ಅಲ್ಲಿ ಸಾಮಾನ್ಯ ಬೆಲೆಗಳು ಶೇ. 28ರಷ್ಟು ಹೆಚ್ಚಾದರೆ, ಪಠ್ಯಪುಸ್ತಕದ ಬೆಲೆ ಶೇ. 82ರಷ್ಟು ಹೆಚ್ಚಿತ್ತು. ಅಲ್ಲಿನ ಸಂಸತ್ತಿಗೆ ವರದಿ ಒಪ್ಪಿಸುವ ಲೆಕ್ಕಪರಿಶೋಧನಾ ಸಂಸ್ಥೆ 2013ರಲ್ಲಿ ಕೊಟ್ಟ ಲೆಕ್ಕ ಇದು. ಮೇಷ್ಟ್ರು ಪುಸ್ತಕ ಗೊತ್ತುಮಾಡುತ್ತಾರೆ, ಹುಡುಗರು ಕೊಳ್ಳುತ್ತಾರೆ. ಆರಿಸುವವರ ಜೇಬಿಗೆ ಬೆಲೆಯ ಬಿಸಿ ತಟ್ಟುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬಂದರೆ ಸೆಕೆಂಡ್ ಹ್ಯಾಂಡ್ ಪುಸ್ತಕದ ದಾರಿಯೂ ಮುಚ್ಚಿತು.

ಈ ಮಾರುಕಟ್ಟೆಯೊಳಗಿಂದಲೇ ಎದ್ದು ಬಂದ ಇಬ್ಬರು, ಜೆಫ್ ಶೆಲ್‌ಸ್ಟಾಡ್ ಮತ್ತು ಎರಿಕ್ ಫ್ರ್ಯಾಂಕ್, 2007ರಲ್ಲಿ ಫ್ಲ್ಯಾಟ್ ವರ್ಲ್ಡ್ ನಾಲೆಜ್ ಎಂಬ ಕಂಪನಿ ಕಟ್ಟಿದರು. ದೊಡ್ಡ ಪಠ್ಯಪುಸ್ತಕ ಪ್ರಕಾಶನದಲ್ಲಿ ಪಳಗಿದವರು. ಅವರ ಲೆಕ್ಕ ಸರಳವಾಗಿತ್ತು. ಹೆಸರುವಾಸಿ ಪ್ರಾಧ್ಯಾಪಕರಿಂದ ಪುಸ್ತಕ ಬರೆಸುವುದು, ಸಂಪಾದಿಸಿ ಪರಿಶೀಲಿಸುವುದು, ಆಮೇಲೆ ಆನ್‌ಲೈನಿನಲ್ಲಿ ಎಲ್ಲರಿಗೂ ಪುಕ್ಕಟೆ ಓದಲು ಬಿಡುವುದು. ಅಚ್ಚಾದ ಪ್ರತಿ ಬೇಕೆಂದವರು, ಅಭ್ಯಾಸದ ಸಾಮಗ್ರಿ ಬೇಕೆಂದವರು ಹಣ ಕೊಡುತ್ತಾರೆ. ಅದರಲ್ಲಿ ಕಂಪನಿ ನಡೆಯುತ್ತದೆ, ಲೇಖಕರಿಗೂ ಗೌರವಧನ ಸಿಗುತ್ತದೆ.

ಪುಸ್ತಕಗಳಿಗೆ ಅವರು ಹಾಕಿದ್ದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲೊಂದು. ಅದರ ಪ್ರಕಾರ ಯಾರು ಬೇಕಾದರೂ ಪುಸ್ತಕವನ್ನು ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು. ಷರತ್ತು ಮೂರು: ಮೂಲದವರ ಹೆಸರು ಹೇಳಬೇಕು, ವ್ಯಾಪಾರ ಮಾಡಬಾರದು, ತಿದ್ದಿದ್ದನ್ನೂ ಇದೇ ಪರವಾನಗಿಯಲ್ಲಿ ಕೊಡಬೇಕು. ಆ ಹೊತ್ತಿಗೆ ಇದು ದಿಟ್ಟ ಹೆಜ್ಜೆಯೇ. ಕಂಪನಿಯನ್ನು ಮುಂದೆ ಟೀಕಿಸಿದವರೂ ಇದನ್ನು ಅಲ್ಲಗಳೆಯಲಿಲ್ಲ.

2012ರ ನವೆಂಬರಿನಲ್ಲಿ ಸುದ್ದಿ ಬಂತು: 2013ರ ಜನವರಿ 1ರಿಂದ ಪುಕ್ಕಟೆ ಓದು ಇಲ್ಲ. ಅತಿ ಕಡಿಮೆ ಅಂದರೆ 19.95 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 1,100 ರೂಪಾಯಿ. ಅಮೆರಿಕದ ಪಠ್ಯಪುಸ್ತಕಗಳ ನಡುವೆ ಇದು ಅಗ್ಗವೇ. ಆದರೂ ಪುಕ್ಕಟೆ ಅಲ್ಲ. ಓದುವವರಲ್ಲಿ ಕೊಳ್ಳುವವರು ಸಾಕಷ್ಟು ಇದ್ದರೆ ಮಾತ್ರ ನಡೆಯುವ ವ್ಯವಹಾರ ಅದು. ಆ ತಕ್ಕಡಿ ಸಮ ತೂಗಲಿಲ್ಲ. ಹೂಡಿಕೆದಾರರ ದುಡ್ಡಿನಲ್ಲಿ ನಡೆಯುವ ಕಂಪನಿ ಹೀಗೆ ದಾರಿ ಬದಲಿಸಿದ್ದರಲ್ಲಿ ನನಗೆ ಮೋಸ ಕಾಣುವುದಿಲ್ಲ. ಆದರೆ ಅದೇ ಪುಸ್ತಕ ನಂಬಿ ಸಿಲಬಸ್ ಮಾಡಿಕೊಂಡಿದ್ದ ಮೇಷ್ಟ್ರುಗಳಿಗೆ ಸೆಮಿಸ್ಟರಿನ ಹೊಸ್ತಿಲಲ್ಲಿ ಕಾಲ ಕೆಳಗಿನ ಚಾಪೆ ಎಳೆದಂತಾಯಿತು.

ಡಿಸೆಂಬರ್ 29

ಇಲ್ಲಿ ಪರವಾನಗಿಯ ಸಣ್ಣಕ್ಷರವನ್ನು ಓದಲೇಬೇಕು. ಸಾಮಾನ್ಯವಾಗಿ ಯಾರೂ ಓದುವುದಿಲ್ಲ. ಈ ಇಡೀ ಪ್ರಕರಣ ನಿಂತಿರುವುದು ಅದರ ಎರಡು ಕಲಮುಗಳ ಮೇಲೆ.

ಮೊದಲನೆಯದು: ಕೊಟ್ಟದ್ದನ್ನು ವಾಪಸು ಕೇಳುವಂತಿಲ್ಲ. ಹಕ್ಕುದಾರರು ತಾವು ಹಂಚುವುದನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು, ಮುಂದಿನ ಆವೃತ್ತಿಯನ್ನು ಬೇರೆ ಷರತ್ತಿನಲ್ಲಿ ತರಬಹುದು. ಆದರೆ ಆಗಲೇ ಹೊರಬಿದ್ದ ಪ್ರತಿಗೆ ಕೊಟ್ಟ ಅನುಮತಿ, ಹಕ್ಕುಸ್ವಾಮ್ಯದ ಅವಧಿ ಮುಗಿಯುವವರೆಗೂ ಊರ್ಜಿತ. ಅಂದರೆ ಜನವರಿ 1ಕ್ಕೆ ಮುಂಚೆ ಯಾರ ಬಳಿ ಪ್ರತಿ ಇತ್ತೋ ಅವರು ಅದನ್ನು ಹಂಚುತ್ತಲೇ ಇರಬಹುದು.

ಹಕ್ಕೇನೋ ಇದೆ, ಪ್ರತಿ ಯಾರ ಹತ್ತಿರ ಇದೆ? ಪುಸ್ತಕಗಳೆಲ್ಲ ಇದ್ದದ್ದು ಕಂಪನಿಯ ಸರ್ವರಿನಲ್ಲಿ. ಬಾಗಿಲು ಹಾಕುವ ಮೂರು ದಿನ ಮೊದಲು, 2012ರ ಡಿಸೆಂಬರ್ 29ರಂದು, ಒಬ್ಬಾತ ಕೂತು ಅಲ್ಲಿದ್ದ ಪುಸ್ತಕಗಳನ್ನು ಇಳಿಸಿಟ್ಟುಕೊಂಡ. ವಿಶ್ವವಿದ್ಯಾಲಯವಲ್ಲ, ಸರ್ಕಾರವಲ್ಲ, ಒಬ್ಬ ವ್ಯಕ್ತಿ, ತನ್ನ ಸ್ವಂತ ಉಸಾಬರಿಯಲ್ಲಿ. ‘2012 ಬುಕ್ ಆರ್ಕೈವ್’ ಎಂಬ ಹೆಸರಿನಲ್ಲಿ ಅವನ್ನು ಮತ್ತೆ ಎಲ್ಲರಿಗೂ ತೆರೆದಿಟ್ಟ. ಪುಕ್ಕಟೆ ಆನ್‌ಲೈನ್ ಕೋರ್ಸು ನಡೆಸುವ ವಾಷಿಂಗ್ಟನ್ನಿನ ಸೇಲರ್ ಫೌಂಡೇಶನ್ ಕೂಡ ಇಂಥ ಪ್ರತಿಗಳನ್ನು ತನ್ನ ಕೋರ್ಸುಗಳಿಗಾಗಿ ಇಟ್ಟುಕೊಂಡಿತು.

ಎರಡನೆಯ ಕಲಮು ಕೆಲಸಕ್ಕೆ ಬಂದದ್ದು ಆಗ. ಕೃತಿಯನ್ನು ತಿದ್ದಿ ಬಳಸುವವರು ತನ್ನ ಹೆಸರು ಹೇಳುವುದು ಹಕ್ಕುದಾರರಿಗೆ ಇಷ್ಟವಿಲ್ಲದಿದ್ದರೆ, ಹೆಸರು ತೆಗೆಯಿರಿ ಎಂದು ಕೇಳಬಹುದು. ಕೇಳಿದರೆ ಆದಷ್ಟೂ ತೆಗೆಯಬೇಕು. ಈ ಕಲಮಿನ ಮೂಲ ಉದ್ದೇಶ ಬೇರೆ. ನನ್ನ ಕೃತಿಯನ್ನು ಯಾರೋ ವಿಕಾರ ಮಾಡಿ ನನ್ನ ಹೆಸರಿನಲ್ಲೇ ಹಂಚಿದರೆ ನನಗೊಂದು ರಕ್ಷಣೆ ಬೇಡವೇ, ಅದಕ್ಕೆ. ಇಲ್ಲಿ ಅದನ್ನು ಚಲಾಯಿಸಿದ್ದು ಪ್ರಕಾಶಕರು. ಬುಕ್ ಆರ್ಕೈವಿನ ಪ್ರತಿಗಳಲ್ಲಿ ಈಗಲೂ ಒಂದು ಸೂಚನೆ ಇದೆ. ಮಾಮೂಲಾಗಿ ಇಲ್ಲಿ ಲೇಖಕರ, ಪ್ರಕಾಶಕರ ಹೆಸರು ಇರಬೇಕಿತ್ತು, ಪ್ರಕಾಶಕರು ಲೇಖಕರ ಹೆಸರನ್ನೂ ಪುಸ್ತಕದ ಹೆಸರನ್ನೂ ತೆಗೆಯುವಂತೆ ಕೇಳಿದ್ದಾರೆ, ಪಠ್ಯದ ಒಳಗೆ ಕೆಲವೆಡೆ ಬರುವ ತಮ್ಮ ಹೆಸರನ್ನೂ ತೆಗೆಸಿದ್ದಾರೆ ಎಂಬ ಒಕ್ಕಣೆ.

ಒಂದೇ ಪುಸ್ತಕ, ಎರಡು ಬದುಕು. ಹೆಸರಿರುವುದಕ್ಕೆ ದುಡ್ಡು, ದುಡ್ಡಿಲ್ಲದ್ದಕ್ಕೆ ಹೆಸರಿಲ್ಲ.

ಲೈಬ್ರರಿ ಬಂದದ್ದು ಯಾವಾಗ

ಇನ್ನು ಮಿನ್ನೆಸೋಟಕ್ಕೆ ಬರೋಣ. ಅಲ್ಲಿನ ಶಿಕ್ಷಣ ಕಾಲೇಜಿನಲ್ಲಿದ್ದ ಡೇವಿಡ್ ಅರ್ನ್ಸ್ಟ್ ಎಂಬವರು 2012ರ ಏಪ್ರಿಲ್‌ನಲ್ಲಿ ‘ಓಪನ್ ಟೆಕ್ಸ್ಟ್‌ಬುಕ್ ಲೈಬ್ರರಿ’ ಆರಂಭಿಸಿದ್ದರು. ಹೆಸರಿಗೆ ಲೈಬ್ರರಿ, ನಿಜದಲ್ಲಿ ಅದೊಂದು ಕ್ಯಾಟಲಾಗು. ಮುಕ್ತ ಪುಸ್ತಕ ಬಳಸಿ ಎಂದರೆ ಮೇಷ್ಟ್ರುಗಳು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ಎಲ್ಲಿ ಸಿಗುತ್ತದೆ, ಮತ್ತು ಅದು ಚೆನ್ನಾಗಿದೆ ಅಂತ ಯಾರು ಹೇಳಿದರು? ಮೊದಲನೆಯದಕ್ಕೆ ಕ್ಯಾಟಲಾಗು ಉತ್ತರ. ಎರಡನೆಯದಕ್ಕೆ ಅವರು ಮಾಡಿದ ಉಪಾಯ ನನಗೆ ಇಷ್ಟ. ಕಾಲೇಜಿನ ಮೇಷ್ಟ್ರುಗಳನ್ನು ಒಂದು ಕಾರ್ಯಾಗಾರಕ್ಕೆ ಕರೆದು, ತಮ್ಮ ವಿಷಯದ ಒಂದು ಮುಕ್ತ ಪುಸ್ತಕ ಓದಿ ವಿಮರ್ಶೆ ಬರೆಯಲು ಕೇಳಿ, ಅದಕ್ಕೆ 200 ಡಾಲರ್ ಸಂಭಾವನೆ ಕೊಡುವುದು. ಪಾಠದ ವ್ಯಾಪ್ತಿ, ನಿಖರತೆ, ಎಷ್ಟು ಕಾಲ ಬಾಳುತ್ತದೆ, ಅಧ್ಯಾಯಗಳನ್ನು ಬಿಡಿಸಿ ಬಳಸಬಹುದೇ, ಭಾಷೆ ತಿಳಿಯಾಗಿದೆಯೇ, ಹೀಗೆ ಹತ್ತು ಅಂಶಗಳ ಮೇಲೆ ಬರೆಯಬೇಕು. ಯಾರಿಗೂ ಬಲವಂತವಿಲ್ಲ. ಆದರೆ ಪುಸ್ತಕವನ್ನು ಪೂರ್ತಿ ಓದಿದ ಮೇಷ್ಟ್ರು, ಚೆನ್ನಾಗಿದ್ದರೆ ಬಿಡುತ್ತಾರೆಯೇ? ವಿಮರ್ಶೆ ಬರೆಸುವುದೇ ಪುಸ್ತಕ ಪರಿಚಯಿಸುವ ದಾರಿಯೂ ಆಯಿತು. ಈ ಕ್ಯಾಟಲಾಗಿನಲ್ಲಿ ಇಂದು ಸಾವಿರಕ್ಕೂ ಹೆಚ್ಚು ಪುಸ್ತಕಗಳಿವೆ. 2014ರಲ್ಲಿ ಅದರ ಸುತ್ತ ಕಾಲೇಜುಗಳ ಒಂದು ಒಕ್ಕೂಟವೂ ಕಟ್ಟಿಕೊಂಡಿತು.

ಕ್ಯಾಟಲಾಗು ಎಂದರೆ ಬೇರೆಡೆ ಇರುವ ಪುಸ್ತಕದತ್ತ ಬೆರಳು ತೋರಿಸುವುದು. ಬೆರಳು ತೋರಿಸಿದ ಕಡೆ ಪುಸ್ತಕವೇ ಇಲ್ಲದಿದ್ದರೆ? ಕಪಾಟಿನಿಂದ ಪುಸ್ತಕ ಕಾಣೆಯಾದರೆ ಲೈಬ್ರರಿಯನ್ ರಿಜಿಸ್ಟರ್ ನೋಡಿ ಯಾರು ಒಯ್ದರು ಎಂದು ಹೇಳಬಲ್ಲರು. ಲಿಂಕ್ ಸತ್ತರೆ ಯಾರನ್ನು ಕೇಳುವುದು? ಫ್ಲ್ಯಾಟ್ ವರ್ಲ್ಡ್ ಪ್ರಸಂಗ ಎತ್ತಿದ್ದು ಈ ಪ್ರಶ್ನೆಯನ್ನೇ. ಪುಸ್ತಕ ಉಳಿದಿದ್ದು ಒಬ್ಬ ವ್ಯಕ್ತಿಯ ವೆಬ್‌ಸೈಟಿನಲ್ಲಿ, ಒಂದು ಫೌಂಡೇಶನ್ನಿನ ಫೈಲುಗಳಲ್ಲಿ. ಆ ವ್ಯಕ್ತಿ ಸರ್ವರಿನ ಬಾಡಿಗೆ ಕಟ್ಟುವುದನ್ನು ಮರೆತರೆ ಮುಗಿಯಿತು. ಮುಖದಲ್ಲಿ ಹೆಸರಿಲ್ಲ, ಹಿಂದೆ ಸಂಸ್ಥೆ ಇಲ್ಲ ಎನ್ನುವ ಪುಸ್ತಕವನ್ನು ಪಾಠಕ್ಕೆ ಗೊತ್ತುಮಾಡಲು ವಿಭಾಗದ ಸಭೆಯಲ್ಲಿ ಯಾವ ಮೇಷ್ಟ್ರು ಧೈರ್ಯ ಮಾಡುತ್ತಾರೆ?

ಮಿನ್ನೆಸೋಟ ವಿಶ್ವವಿದ್ಯಾಲಯದ ಲೈಬ್ರರಿಯ ಪ್ರಕಾಶನ ವಿಭಾಗ ಕೈಹಾಕಿದ್ದು ಈ ಅನಾಥ ಪುಸ್ತಕಗಳಿಗೆ. ವಿಶ್ವವಿದ್ಯಾಲಯದ ಇ-ಕಲಿಕಾ ನೆರವಿನ ಯೋಜನೆಯೊಂದರಡಿ, 2015ರಿಂದ ಒಂದೊಂದಾಗಿ ಹೊರತಂದರು: ಮ್ಯಾನೇಜ್‌ಮೆಂಟ್, ಮಾರ್ಕೆಟಿಂಗ್, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಬಿಸಿನೆಸ್ ಕಮ್ಯುನಿಕೇಶನ್, ಮಾಧ್ಯಮ ಮತ್ತು ಸಂಸ್ಕೃತಿ. ಹತ್ತಕ್ಕೂ ಹೆಚ್ಚು ಪುಸ್ತಕಗಳು, ಬಹುತೇಕ ಎಲ್ಲವೂ ಮೊದಲ ವರ್ಷದ ಹುಡುಗರು ಓದುವ, ದೊಡ್ಡ ಕ್ಲಾಸುಗಳಿಗೆ ಬೇಕಾಗುವ ವಿಷಯಗಳು. ಆಯ್ಕೆಯಲ್ಲಿ ಜಾಣತನವಿದೆ. ಇಪ್ಪತ್ತು ಮಂದಿ ಓದುವ ಎಂ.ಎ. ಪತ್ರಿಕೆಯ ಪುಸ್ತಕ ಪುಕ್ಕಟೆ ಮಾಡಿದರೆ ಉಳಿಯುವ ಹಣಕ್ಕೂ, ಐನೂರು ಮಂದಿ ಕೂರುವ ಮೊದಲ ಸೆಮಿಸ್ಟರಿನ ಪುಸ್ತಕಕ್ಕೂ ಅಜಗಜಾಂತರ.

ಚಿತ್ರಗಳ ತಾಪತ್ರಯ

ಪರವಾನಗಿ ಇದೆ, ಫೈಲ್ ಇದೆ, ಅಪ್‌ಲೋಡ್ ಮಾಡಿದರಾಯಿತಲ್ಲ ಅನ್ನಿಸಬಹುದು. ಹಾಗಿರಲಿಲ್ಲ. ಪಠ್ಯಪುಸ್ತಕ ಎಂದರೆ ಬರೀ ಅಕ್ಷರವಲ್ಲ. ಪುಟಕ್ಕೊಂದು ಫೋಟೋ, ನಕ್ಷೆ, ಗ್ರಾಫು. ಪ್ರಕಾಶಕರು ಫೋಟೋ ಏಜೆನ್ಸಿಯಿಂದ ಹಣ ಕೊಟ್ಟು ತಂದ ಚಿತ್ರ ಅವರ ಬಳಕೆಗಷ್ಟೇ. ಸುತ್ತಲಿನ ಪಠ್ಯ ಮುಕ್ತವಾದ ಮಾತ್ರಕ್ಕೆ ಆ ಚಿತ್ರ ಮುಕ್ತವಾಗುವುದಿಲ್ಲ. ಆದ್ದರಿಂದ ಪ್ರತಿ ಚಿತ್ರದ ಅಡಿಬರಹ ಓದಬೇಕು: ಇದು ಯಾರದು, ಯಾವ ಷರತ್ತಿನಲ್ಲಿ ಬಂದದ್ದು, ಇಡಬಹುದೇ. ಇಡುವಂತಿಲ್ಲದಿದ್ದರೆ ಅದೇ ಅರ್ಥ ಕೊಡುವ ಇನ್ನೊಂದನ್ನು ಮುಕ್ತ ಚಿತ್ರಗಳಲ್ಲಿ ಹುಡುಕಬೇಕು, ಅಥವಾ ನಕ್ಷೆಯನ್ನು ಹೊಸದಾಗಿ ಬರೆಸಬೇಕು. ಒಂದು ಫೋಟೋ ಸಂದೇಹದಲ್ಲಿ ಉಳಿದರೂ, ನಾಳೆ ಆ ಪುಸ್ತಕವನ್ನು ಎತ್ತಿಕೊಂಡು ಬಳಸುವ ಮತ್ತೊಂದು ಕಾಲೇಜು ತೊಂದರೆಗೆ ಸಿಕ್ಕುತ್ತದೆ. ಮಿನ್ನೆಸೋಟದ ಆವೃತ್ತಿಗಳ ಆರಂಭದಲ್ಲಿ ಇದನ್ನು ಹೇಳಿಕೊಂಡಿದ್ದಾರೆ: ಒಟ್ಟು ಪುಸ್ತಕವನ್ನು ಇನ್ನಷ್ಟು ಹಂಚಿಕೊಳ್ಳುವಂತೆ ಮಾಡಲು ಕೆಲವು ಚಿತ್ರ, ನಕ್ಷೆಗಳನ್ನು ಬದಲಿಸಿದ್ದೇವೆ, ವಿನ್ಯಾಸವನ್ನು ಹೊಸದಾಗಿ ಮಾಡಿದ್ದೇವೆ ಎಂದು.

ವಿನ್ಯಾಸಕ್ಕೆ ಬಳಸಿದ್ದು ಪ್ರೆಸ್‌ಬುಕ್ಸ್. ಬ್ಲಾಗ್ ಬರೆಯಲು ಬಳಸುವ ವರ್ಡ್‌ಪ್ರೆಸ್ಸಿನ ಮೇಲೆ ಕಟ್ಟಿದ ಸಾಧನ ಅದು. ಅಧ್ಯಾಯವನ್ನು ಒಮ್ಮೆ ಕೂರಿಸಿದರೆ ವೆಬ್ ಪುಟವಾಗಿ, ಪಿಡಿಎಫ್ ಆಗಿ, ಮೊಬೈಲಿಗೆ ಒಗ್ಗುವ ಇ-ಪುಸ್ತಕವಾಗಿ ಹೊರಬರುತ್ತದೆ. ಮುಖ್ಯವಾದ್ದೆಂದರೆ, ಇನ್ನೊಂದು ವಿಶ್ವವಿದ್ಯಾಲಯ ಇಡೀ ಪುಸ್ತಕವನ್ನು ತನ್ನ ಪ್ರೆಸ್‌ಬುಕ್ಸಿಗೆ ಎಳೆದುಕೊಂಡು ಬೇಕಾದ ಅಧ್ಯಾಯ ತಿದ್ದಿಕೊಳ್ಳಬಹುದು. ಜೆರಾಕ್ಸ್ ಪ್ರತಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಜೆರಾಕ್ಸ್ ಮಾಡಿದ್ದನ್ನು ಓದಬಹುದು, ತಿದ್ದಲಾಗದು.

ಪರವಾನಗಿಯ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಮೂಲ ಪುಸ್ತಕಗಳಿಗಿದ್ದದ್ದು ಕ್ರಿಯೇಟಿವ್ ಕಾಮನ್ಸ್‌ನ 3.0 ಆವೃತ್ತಿ. ಲೈಬ್ರರಿ ತನ್ನ ಆವೃತ್ತಿಯನ್ನು ಹೊರತಂದದ್ದು 4.0ರಲ್ಲಿ. ‘ಅದೇ ಪರವಾನಗಿ’ ಎಂದರೆ ಅದರ ಮುಂದಿನ ಆವೃತ್ತಿಯೂ ಆಗಬಹುದು ಎಂದು ಹಳೆಯ ಪರವಾನಗಿಯೇ ಹೇಳುತ್ತದೆ. ಆದರೆ ‘ವ್ಯಾಪಾರ ಬೇಡ’ ಎಂಬ ಷರತ್ತನ್ನು ಸಡಿಲಿಸುವ ಅಧಿಕಾರ ಲೈಬ್ರರಿಗಿಲ್ಲ; ಅದು ಹಾಗೇ ಉಳಿಯಿತು.

ಎಷ್ಟು ಗೆದ್ದರು, ಎಲ್ಲಿ ಎಡವಿದರು

ಲೈಬ್ರರಿ ಹೊಸದಾಗಿ ಒಂದು ಅಕ್ಷರವನ್ನೂ ಬರೆಸಲಿಲ್ಲ ಎಂದರೆ ಹೆಚ್ಚು ತಪ್ಪಾಗಲಿಕ್ಕಿಲ್ಲ. ಅದು ಕೊಟ್ಟದ್ದು ಕಾಯಂ ವಿಳಾಸ, ಒಂದು ಐಎಸ್‌ಬಿಎನ್, ಮತ್ತು ‘ಇದರ ಹಿಂದೆ ನಾವಿದ್ದೇವೆ’ ಎಂಬ ಮುದ್ರೆ. ಆದರೆ ಆ ಮುದ್ರೆಯಿಂದಲೇ ಪುಸ್ತಕಗಳಿಗೆ ಮತ್ತೆ ಚಲಾವಣೆ ಬಂತು. ಬೇರೆ ಕಾಲೇಜುಗಳು ಸಿಲಬಸ್ಸಿನಲ್ಲಿ ಈ ಲಿಂಕನ್ನು ಹಾಕಿಕೊಂಡವು; ಹಲವು ಕಡೆ ಇವನ್ನು ತಿದ್ದಿ ತಮ್ಮದೇ ಆವೃತ್ತಿ ಮಾಡಿಕೊಂಡರು. ಪರವಾನಗಿ ಅನುಮತಿ ಕೊಡುತ್ತದೆ, ದುಡಿಮೆ ಮಾಡುವುದಿಲ್ಲ. ಆ ದುಡಿಮೆಯನ್ನು ಸಂಬಳ ಕೊಟ್ಟು ಮಾಡಿಸಬಲ್ಲ, ಹತ್ತು ವರ್ಷ ಕಳೆದರೂ ಬಾಗಿಲು ಹಾಕದ ಜಾಗ ವಿಶ್ವವಿದ್ಯಾಲಯದಲ್ಲಿ ಬೇರೆ ಯಾವುದಿದೆ? ವಿಭಾಗಗಳಿಗೆ ಮುಖ್ಯಸ್ಥರು ಬದಲಾಗುತ್ತಾರೆ, ಯೋಜನೆಗಳಿಗೆ ಅನುದಾನ ನಿಲ್ಲುತ್ತದೆ. ಲೈಬ್ರರಿಗೆ ಮಾತ್ರ, ಇಟ್ಟುಕೊಳ್ಳುವುದೇ ಕಸುಬು.

ಈಗ ಎಡವಿದ್ದು. ಅದೇ ಆರಂಭದ ಟಿಪ್ಪಣಿಯಲ್ಲಿ ಇನ್ನೊಂದು ಮಾತಿದೆ: 2010ರ ಮೂಲ ಪಠ್ಯವನ್ನು ಗಣನೀಯವಾಗಿ ಬದಲಿಸಿಲ್ಲ, ಹೊಸತುಗೊಳಿಸಿಲ್ಲ. ಪ್ರಾಮಾಣಿಕ ಮಾತು, ಆದರೆ ಪರಿಣಾಮ ನೋಡಿ. ಮನಶ್ಶಾಸ್ತ್ರದ ಪುಸ್ತಕವನ್ನೇ ತೆಗೆದುಕೊಳ್ಳಿ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ ಅಮೆರಿಕದ ಕೈಪಿಡಿಯ ಐದನೆಯ ಆವೃತ್ತಿ ಬಂದದ್ದು 2013ರ ಮೇನಲ್ಲಿ. 2010ರಲ್ಲಿ ಬರೆದ ಪಠ್ಯ ನಾಲ್ಕನೆಯದನ್ನು ಹಿಡಿದು ಕೂತಿದೆ. 2015ರ ಮುದ್ರೆಯಿರುವ ಪುಸ್ತಕವನ್ನು ನಂಬಿ ಓದುವ ಹುಡುಗಿಗೆ ಇದನ್ನು ಮೇಷ್ಟ್ರೇ ಎಚ್ಚರಿಸಬೇಕು. ಲೈಬ್ರರಿ ಪುಸ್ತಕವನ್ನು ಕಾಪಾಡಬಲ್ಲದು. ವಿಷಯ ಬಲ್ಲವರು ಕೂತು ತಿದ್ದದಿದ್ದರೆ ಅದು ಉಪ್ಪಿನಕಾಯಿ ಹಾಕಿಟ್ಟ ಹಾಗೆ, ಕೆಡುವುದಿಲ್ಲ, ಹೊಸದೂ ಆಗುವುದಿಲ್ಲ.

ತಿದ್ದಿದವರೂ ಇದ್ದಾರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬಿಸಿಕ್ಯಾಂಪಸ್ ಎಂಬ ಸಂಸ್ಥೆ ಇದೇ ಮನಶ್ಶಾಸ್ತ್ರ ಪುಸ್ತಕವನ್ನು ಅಲ್ಲಿನ ಪ್ರಾಧ್ಯಾಪಕಿ ಜೆನಿಫರ್ ವಾಲಿಂಗಾ ಅವರಿಂದ ಕೆನಡಾಕ್ಕೆ ಒಗ್ಗಿಸಿ 2014ರಲ್ಲೇ ಹೊರತಂದಿತು. ಅದರ ಮುಖಪುಟದಲ್ಲಿ ಮೂಲ ಲೇಖಕರ ಹೆಸರು, ಚಾರ್ಲ್ಸ್ ಸ್ಟ್ಯಾಂಗರ್, ಢಾಳಾಗಿ ಇದೆ. ಅಂದರೆ ಒಂದೇ ಬರಹ, ಗಡಿಯ ಈಚೆ ಅನಾಮಿಕ, ಆಚೆ ಹೆಸರು ಸಹಿತ. ಕ್ಯಾಟಲಾಗು ಮಾಡುವವರ ಪಾಡು ಯೋಚಿಸಿ. ಲೇಖಕರ ಹೆಸರಿನಿಂದ ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಎರಡೂ ಒಂದೇ ಬೇರಿನವು ಎಂದು ಓದುಗನಿಗೆ ತಿಳಿಯುವ ದಾರಿಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಮುಕ್ತ ಪಠ್ಯಪುಸ್ತಕ ತಾಣ ಲಿಬ್ರೆಟೆಕ್ಸ್ಟ್ಸ್‌ನಲ್ಲಿ ಇಂಥ ಪುಸ್ತಕಗಳ ಲೇಖಕರ ಜಾಗದಲ್ಲಿ ‘ಅನಾಮಧೇಯ’ ಎಂದೇ ಬರೆದಿದ್ದಾರೆ, ಯಾವುದೋ ಶಾಸನಕ್ಕೆ ಬರೆದ ಹಾಗೆ.

ಹೆಸರು ಕಳೆದುಕೊಳ್ಳುವುದು ಇಷ್ಟು ಸುಲಭವಾದದ್ದು ಅಮೆರಿಕದ ಕಾನೂನಿನಿಂದಲೂ ಹೌದು. ಬರೆದವರು ಹಕ್ಕನ್ನು ಪ್ರಕಾಶಕರಿಗೆ ಬಿಟ್ಟುಕೊಟ್ಟ ಮೇಲೆ, ‘ಇದು ನನ್ನದು’ ಎಂದು ಹೇಳಿಸಿಕೊಳ್ಳುವ ನೈತಿಕ ಹಕ್ಕನ್ನು ಅಲ್ಲಿನ ಕಾಯ್ದೆ ಚಿತ್ರ, ಶಿಲ್ಪಗಳಂಥ ದೃಶ್ಯಕಲೆಗೆ ಕೊಟ್ಟಿದೆಯೇ ಹೊರತು ಪುಸ್ತಕಕ್ಕೆ ಕೊಟ್ಟಿಲ್ಲ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಕಲಮು ಬೇರೆ ಮಾತಾಡುತ್ತದೆ: ಹಕ್ಕು ಮಾರಿಕೊಂಡ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ಲೇಖಕರಲ್ಲೇ ಉಳಿಯುತ್ತದೆ. ನಮ್ಮ ವಿಶ್ವವಿದ್ಯಾಲಯಗಳು ಪಠ್ಯಗಳನ್ನು ಮುಕ್ತಗೊಳಿಸಲು ಹೊರಟರೆ, ಪ್ರಕಾಶಕರ ಒಂದು ಪತ್ರಕ್ಕೆ ಲೇಖಕರ ಹೆಸರು ಒರೆಸುವ ಮುನ್ನ ಹತ್ತು ಸಲ ಯೋಚಿಸಬೇಕಾಗುತ್ತದೆ. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತಷ್ಟೆ. ವಿಕಿಪೀಡಿಯದ ಸೋದರ ತಾಣ ವಿಕಿಸೋರ್ಸಿಗೆ ಬಂದ ಅದರ ಅನೇಕ ಲೇಖನಗಳ ಕೊನೆಯಲ್ಲಿ ಈಗಲೂ ಕಂಸದೊಳಗೆ ಬರೆದವರ ಮೊದಲಕ್ಷರಗಳಿವೆ. ಪೂರ್ತಿ ಹೆಸರಲ್ಲ, ಎರಡು ಮೂರು ಅಕ್ಷರ. ಅಷ್ಟಾದರೂ ಇವೆ.

ಮಿನ್ನೆಸೋಟದ ಲೈಬ್ರರಿ ಇನ್ನೇನು ಮಾಡಬಹುದಿತ್ತು? ಪರವಾನಗಿಯ ಲಾಭ ಪಡೆದು ಅದರ ಷರತ್ತನ್ನು ಬಿಡುವಂತಿರಲಿಲ್ಲ. ಹೆಸರಿನ ಜಾಗವನ್ನು ಸುಮ್ಮನೆ ಖಾಲಿ ಬಿಡಬಹುದಿತ್ತು. ತನ್ನ ಹೆಸರನ್ನೇ ಲೇಖಕರ ಜಾಗಕ್ಕೆ ತಂದು ಕೂರಿಸಬಹುದಿತ್ತು. ಎರಡನ್ನೂ ಮಾಡದೆ, ಹೆಸರು ಇತ್ತು, ಕೇಳಿದ್ದಕ್ಕೆ ತೆಗೆದಿದ್ದೇವೆ ಎಂದು ಗುರುತು ಉಳಿಸಿತು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಲೈಬ್ರರಿಯ ಕಸುಬುದಾರಿಕೆ ಎದ್ದು ಕಾಣುವುದು ಆ ಕಂಸದಲ್ಲಿ. ಪುಸ್ತಕದ ಚರಿತ್ರೆಯಲ್ಲಿ ಒಂದು ಪುಟ ಹರಿದಿದ್ದರೆ, ಹರಿದಿದೆ ಎಂದು ಬರೆದಿಡುವುದೂ ದಾಖಲೆಯೇ.

ಈ ಪುಸ್ತಕಗಳನ್ನು ಕನ್ನಡಕ್ಕೆ ತರಲು ಯಾರ ಅಪ್ಪಣೆಯೂ ಬೇಕಿಲ್ಲ. ಕನ್ನಡ ಮಾಧ್ಯಮದಲ್ಲಿ ಬಿ.ಕಾಂ. ಓದುವವರಿಗೆ ಮ್ಯಾನೇಜ್‌ಮೆಂಟ್ ಪುಸ್ತಕದ ನಾಲ್ಕು ಅಧ್ಯಾಯ ತಂದರೂ ಗೈಡುಗಳ ಹಂಗು ಅಷ್ಟು ತಪ್ಪೀತು. ಮಾರಬಾರದು, ಅನುವಾದವನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು, ಅಷ್ಟೇ. ಮುಖಪುಟದಲ್ಲಿ ಅನುವಾದಕರ ಹೆಸರು ಬರುತ್ತದೆ, ಮಿನ್ನೆಸೋಟ ಲೈಬ್ರರಿಯ ಹೆಸರು ಬರುತ್ತದೆ. ‘ಮೂಲ’ ಎಂದು ಬರೆದು ಎರಡು ಚುಕ್ಕೆ ಇಟ್ಟ ಮೇಲೆ, ಆ ಕಂಸವನ್ನೂ ಕನ್ನಡಕ್ಕೆ ಅನುವಾದಿಸಬೇಕಾಗುತ್ತದೆ.